ಟೈಲರ್ ತಲೆ ಮೇಲಿನ ಕ್ಯಾಮೆರಾ ಯಾರ ಲೆಕ್ಕ ಬರೆಯುತ್ತದೆ?

ಸಂಪಾದಕರಿಗೆ,

ಮಾನ್ಯರೇ,

ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನದ ಸುದ್ದಿ ಪತ್ರಿಕೆಯಲ್ಲಿ ಬಂದರೆ ನಾನು ಬಿಡದೆ ಓದುತ್ತೇನೆ. ಔಷಧಿ ಹೊಡೆಯುವ ಡ್ರೋನ್, ರೇಷ್ಮೆ ಹುಳು ಮನೆಯ ಶಾಖ ನೋಡುವ ಸೆನ್ಸರ್, ಇಂಥವನ್ನು ನಮ್ಮ ಕಡೆಯ ಹುಡುಗರು ಮಾಡಿದ್ದಾರೆ ಅಂದರೆ ಖುಷಿಯೇ. ಈಚೆಗೆ ಈ ಸಾಲಿಗೆ ಇನ್ನೊಂದು ಸೇರಿದೆ. ಗಾರ್ಮೆಂಟ್ಸ್ ಲೈನ್‌ನಲ್ಲಿ ಕ್ಯಾಮೆರಾ ಕಟ್ಟಿ, ಯಾವ ಟೈಲರ್ ಎಷ್ಟು ಪೀಸ್ ಹೊಲಿದಳು, ಎಷ್ಟು ಹೊತ್ತು ಸುಮ್ಮನೆ ಕೂತಳು ಎಂದು ಲೆಕ್ಕ ಹಾಕುವ ‘ಎಐ’. ಅದರ ಬಗ್ಗೆ ನಾಲ್ಕು ಮಾತು ಹೇಳಬೇಕಿದೆ. ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಕಡೆಗೆ ಸೂಪರ್‌ವೈಸರ್ ಆಗಿ ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ಆಯಸ್ಸಿನ ಒಳ್ಳೆಯ ಭಾಗ ಕಳೆದವಳು ನಾನು. ಬೈಸಿಕೊಂಡೂ ಗೊತ್ತು, ಬೈದೂ ಗೊತ್ತು.

ಪಕ್ಕದ ಮನೆಯ ಹುಡುಗ ಓದುವ ಕಾಲೇಜಿನಲ್ಲಿ ಪ್ರದರ್ಶನ ಇತ್ತು. ‘ಆಂಟಿ, ನಿಮ್ಮ ಫೀಲ್ಡಿಂದೇ ಪ್ರಾಜೆಕ್ಟು, ಬಂದು ನೋಡಿ’ ಅಂದ. ಹೋದೆ. ಒಂದು ಹೊಲಿಗೆ ಮೆಷಿನ್, ಮೇಲೊಂದು ಸ್ಟ್ಯಾಂಡಿಗೆ ಕಟ್ಟಿದ ಮೊಬೈಲು, ಪಕ್ಕದಲ್ಲಿ ಲ್ಯಾಪ್‌ಟಾಪು. ಅವರ ಗುಂಪಿನ ಹುಡುಗಿಯೊಬ್ಬಳು ಮೆಷಿನ್ ಮುಂದೆ ಕೂತು ಒಂದು ತುಂಡು ಬಟ್ಟೆಗೆ ಹೊಲಿಗೆ ಹಾಕುತ್ತಿದ್ದಳು. ಲ್ಯಾಪ್‌ಟಾಪ್ ಪರದೆಯಲ್ಲಿ ಅವಳ ಕೈ ಸುತ್ತ ಚೌಕ. ಕೈ ಆಡುತ್ತಿದ್ದರೆ ಹಸಿರು, ನಿಧಾನವಾದರೆ ಹಳದಿ, ನಿಂತರೆ ಕೆಂಪು. ಎಂಟು ಗಂಟೆಯ ಕೊನೆಗೆ ಎಷ್ಟು ನಿಮಿಷ ಕೆಂಪು ಅಂತ ಶೀಟ್ ಬರುತ್ತದೆ, ಅದು ನೇರ ಮ್ಯಾನೇಜರ್ ಮೊಬೈಲಿಗೆ ಹೋಗುತ್ತದೆ. ಕೆಲಸ ಅಚ್ಚುಕಟ್ಟಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ನಾನು ಕೇಳಿದೆ, ‘ಸೂಜಿ ಮುರಿದರೆ?’

‘ಐಡಲ್ ಟೈಮ್ ಅಂತ ತೋರಿಸುತ್ತೆ ಆಂಟಿ.’

ಸೂಜಿ ಮುರಿದರೆ ಲೈನ್‌ನಲ್ಲಿ ಏನಾಗುತ್ತದೆ ಅಂತ ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಮುರಿದ ಸೂಜಿಯ ಚೂರೆಲ್ಲ ಹುಡುಕಬೇಕು. ಮೆಷಿನ್ ಕೆಳಗೆ, ಬಂಡಲ್ (ಕತ್ತರಿಸಿದ ಪೀಸ್‌ಗಳ ಕಟ್ಟು) ಒಳಗೆ, ಸೀರೆ ನೆರಿಗೆಯಲ್ಲಿ, ನೆಲದಲ್ಲಿ. ಸಿಕ್ಕ ಚೂರುಗಳನ್ನು ಜೋಡಿಸಿ, ಪೂರ್ತಿ ಸೂಜಿ ಆಯಿತು ಅಂತ ತೋರಿಸಿ, ರಿಜಿಸ್ಟರ್‌ನಲ್ಲಿ ಟೇಪ್ ಹಾಕಿ ಅಂಟಿಸಿ, ಸಹಿ ಹಾಕಿದ ಮೇಲೇ ಹೊಸ ಸೂಜಿ ಕೊಡುವುದು. ಒಂದು ಚೂರು ಸಿಗದಿದ್ದರೂ ಆ ಬಂಡಲ್ ಪೂರ್ತಿ ಮೆಟಲ್ ಡಿಟೆಕ್ಟರ್‌ಗೆ ಹೋಗಬೇಕು. ಯಾವುದೋ ದೇಶದ ಮಗುವಿನ ಅಂಗಿಯಲ್ಲಿ ಸೂಜಿ ಮೊನೆ ಸಿಕ್ಕಿದರೆ ಬಯರ್ ಆರ್ಡರ್ರೇ ಕೈ ಬಿಡುತ್ತಾನೆ, ಅದಕ್ಕೆ ಈ ಕಟ್ಟುನಿಟ್ಟು. ಟೈಲರ್ ಮೊಣಕಾಲೂರಿ ನೆಲ ತಡಕುತ್ತಿರುತ್ತಾಳೆ, ಕಂಪನಿಯ ಮಾನ ಉಳಿಸುವ ಕೆಲಸ ಅದು. ಕ್ಯಾಮೆರಾದ ಪ್ರಕಾರ ಅವಳ ಸೀಟು ಖಾಲಿ, ಕೆಂಪು.

ಆಮೇಲೆ ಕೇಳಿದೆ, ಕಟಿಂಗ್‌ನಿಂದ ಬಂಡಲ್ಲೇ ಬರದಿದ್ದರೆ? ಅದೂ ಐಡಲ್. ಹಿಂದಿನ ಹಂತದ ಹೊಲಿಗೆಯವಳು ರಜೆ ಹಾಕಿ ಪೀಸ್ ಮುಂದೆ ಬರದಿದ್ದರೆ? ಐಡಲ್. ಮೆಕ್ಯಾನಿಕ್‌ಗೆ ಕಾಯುತ್ತಿದ್ದರೆ? ಐಡಲ್. ಚೆಕ್ಕಿಂಗ್‌ನಿಂದ ಆಲ್ಟರ್ (ತಪ್ಪು ಹೊಲಿದು ಮತ್ತೆ ಸರಿಮಾಡಬೇಕಾದ ಪೀಸ್) ವಾಪಸ್ ಬಂದು ಹೊಲಿಗೆ ಬಿಚ್ಚುತ್ತಾ ಕೂತರೆ? ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಚ್ಚುವುದನ್ನು ಹೊಲಿಯುವುದು ಅಂತಲೇ ಎಣಿಸಿ ಹಸಿರು ತೋರಿಸುತ್ತದಂತೆ!

ಗೊತ್ತಿಲ್ಲದವರಿಗಾಗಿ ಲೈನ್ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಕೆಲಸಕ್ಕೆ ಇಷ್ಟು ನಿಮಿಷ ಬೇಕು ಅಂತ ಐಇಗಳು (ಇಂಡಸ್ಟ್ರಿಯಲ್ ಎಂಜಿನಿಯರ್‌ಗಳನ್ನು ನಾವು ಕರೆಯುವುದು ಹಾಗೆ) ವಾಚ್ ಹಿಡಿದು ನಿಂತು ಅಳೆಯುತ್ತಾರೆ. ಅದಕ್ಕೆ ಎಸ್‌ಎಎಂ ಅನ್ನುತ್ತಾರೆ. ಕಾಲರ್ ಕೂರಿಸಲು ಮುಕ್ಕಾಲು ನಿಮಿಷ ಅಂತ ಬಂದರೆ ಗಂಟೆಗೆ 80 ಪೀಸ್ ಟಾರ್ಗೆಟ್. ಇಡೀ ಅಂಗಿಗೆ 20 ನಿಮಿಷ ಅಂತಿಟ್ಟುಕೊಳ್ಳಿ. 40 ಟೈಲರ್‌ಗಳ ಲೈನ್‌ಗೆ ಎಂಟು ಗಂಟೆಯಲ್ಲಿ 19,200 ನಿಮಿಷ ಸಿಗುತ್ತದೆ, ಕಾಗದದ ಮೇಲೆ 960 ಅಂಗಿ. 576 ಬಂದರೆ ಶೇ 60 ಎಫಿಶಿಯೆನ್ಸಿ. ಕಳೆದುಹೋದ ಆ ಶೇ 40 ಎಲ್ಲಿ ಹೋಯಿತು ಅಂತ ಹುಡುಕುವುದೇ ಸೂಪರ್‌ವೈಸರ್ ಕೆಲಸ. ಅದರಲ್ಲಿ ಟೈಲರ್ ಕೈ ನಿಧಾನ ಆಗಿದ್ದು ಒಂದು ಪಾಲು. ಉಳಿದದ್ದು ಫೀಡಿಂಗ್ (ಹೊಲಿಯಲು ಪೀಸ್ ಬರುವುದು) ತಡ, ಸ್ಟೈಲ್ ಚೇಂಜ್ (ಹೊಸ ಮಾದರಿಗೆ ಲೈನ್ ಬದಲಿಸುವುದು), ಮೆಷಿನ್ ರಿಪೇರಿ, ಬಟನ್ ಬಂದಿಲ್ಲ, ಲೇಬಲ್ ಬಂದಿಲ್ಲ, ಗೈರುಹಾಜರಿ. ಇದರಲ್ಲಿ ಯಾವುದು ಟೈಲರ್ ಕೈಲಿದೆ ಹೇಳಿ. ಆದರೆ ಗಂಟೆಗೊಮ್ಮೆ ಬೋರ್ಡ್ ಮೇಲೆ ಬರೆಯುವಾಗ ಬೈಸಿಕೊಳ್ಳುವವಳು ಅವಳೇ. ಪ್ರೊಡಕ್ಷನ್ ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜ್‌ಗೆ, ಅವರು ನಮಗೆ, ನಾವು ಅವಳಿಗೆ. ಬೈಗುಳವೂ ಲೈನ್ ಮೇಲೇ ಇಳಿದು ಬರುತ್ತದೆ.

ವಾಚ್ ಹಿಡಿದು ನಿಲ್ಲುವ ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ಫಿಲಡೆಲ್ಫಿಯಾದ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್ 1880ರ ದಶಕದಲ್ಲೇ ಶುರು ಮಾಡಿದ. ವಾಚ್ ಹಿಡಿದವನು ಎದುರಿಗೆ ನಿಂತರೆ ಕೆಲಸಗಾರರು ಬೇಕಂತಲೇ ನಿಧಾನ ಮಾಡುತ್ತಾರೆ ಅನ್ನುವ ತಕರಾರು ಆಗಲೇ ಇತ್ತು. ನಮ್ಮಲ್ಲೂ ಅಷ್ಟೇ. ಐಇ ಬಂದರೆ ‘ಅಕ್ಕ, ನಿಧಾನಕ್ಕೆ ಹೊಲಿ, ಟಾರ್ಗೆಟ್ ಏರಿಸಿಬಿಟ್ಟಾರು’ ಅಂತ ಪಿಸುಮಾತು ಸಾಲಿನುದ್ದಕ್ಕೂ ಓಡುತ್ತದೆ. ಅದು ಸೋಮಾರಿತನ ಅಂತ ಓದಿದವರು ಅಂದುಕೊಳ್ಳುತ್ತಾರೆ. ಬೇಗ ಹೊಲಿದರೆ ನಾಳೆಯಿಂದ ಅದೇ ಸಂಬಳಕ್ಕೆ ಅಷ್ಟೂ ಹೊಲಿಯಬೇಕು ಅಂತ ಗೊತ್ತಿರುವ ಯಾರೇ ಆದರೂ ಮಾಡುವುದು ಅದನ್ನೇ. ಐಇ ಆದರೂ ಊಟಕ್ಕೆ ಹೋಗುತ್ತಾನೆ, ಕ್ಯಾಮೆರಾ ಹೋಗುವುದಿಲ್ಲ.

2025ರ ಫೆಬ್ರುವರಿಯಲ್ಲಿ ಮೊಬೈಲುಗಳಲ್ಲೆಲ್ಲ ಒಂದು ವಿಡಿಯೊ ಓಡಾಡಿತು, ಕೆಲವರು ನೋಡಿರಬಹುದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಬ್ಬರು ಹುಡುಗರು ‘ಆಪ್ಟಿಫೈ’ ಅಂತ ಕಂಪನಿ ಮಾಡಿದ್ದರು. ಸ್ಟಾರ್ಟಪ್‌ಗಳಿಗೆ ದುಡ್ಡು ಹಾಕುವ ಹೆಸರಾಂತ ವೈ ಕಾಂಬಿನೇಟರ್ ಅವರ ಬೆನ್ನಿಗಿತ್ತು. ವಿಡಿಯೊದಲ್ಲಿ ಮಾಲೀಕನ ಪಾತ್ರದವನು ಸೂಪರ್‌ವೈಸರ್ ಪಾತ್ರದವನಿಗೆ ಹೇಳುತ್ತಾನೆ. ಆ ಸೂಪರ್‌ವೈಸರ್ ಪರದೆ ಮೇಲೆ ಕೆಂಪು ಕಂಡ ಕೆಲಸಗಾರನನ್ನು ‘ನಂಬರ್ 17’ ಅಂತ ಕರೆದು ದಬಾಯಿಸುತ್ತಾನೆ. ಇಡೀ ದಿನ ಕೆಲಸ ಮಾಡುತ್ತಲೇ ಇದ್ದೇನೆ ಅಂತ ಅವನು ಹೇಳಿದರೂ ಕೇಳುವುದಿಲ್ಲ. ಜನ ಉಗಿದರು, ವೈ ಕಾಂಬಿನೇಟರ್ ವಿಡಿಯೊ ತೆಗೆದುಹಾಕಿತು. ಮನುಷ್ಯನನ್ನು ನಂಬರ್ ಹಿಡಿದು ಕರೆದದ್ದಕ್ಕೆ ಎಲ್ಲರಿಗೂ ಸಿಟ್ಟು ಬಂದಿತ್ತು. ನನಗೆ ಅದೇನೂ ದೊಡ್ಡದು ಅನ್ನಿಸಲಿಲ್ಲ, ಟೋಕನ್ ನಂಬರ್ ಹಿಡಿದು ಕರೆಸಿಕೊಂಡೇ ಬಂದವರು ನಾವು. ಅಷ್ಟು ಬುದ್ಧಿ ಇರುವ ಯಂತ್ರದಲ್ಲಿ ‘ಯಾಕೆ ನಿಂತಿತು?’ ಅಂತ ಕೇಳಲು ಒಂದು ಜಾಗ ಇರಲಿಲ್ಲವಲ್ಲ, ಅದು ನನ್ನನ್ನು ಕಾಡಿತು. ಆ ಹುಡುಗರು ಕಾರ್ಖಾನೆ ನಡೆಸುವ ಮನೆತನಗಳಿಂದ ಬಂದವರಂತೆ. ಮಾಲೀಕರ ಕ್ಯಾಬಿನ್ ಕಿಟಕಿಯಿಂದ ಫ್ಲೋರ್ ಹೇಗೆ ಕಾಣುತ್ತದೋ ಹಾಗೇ ಯಂತ್ರ ಮಾಡಿದ್ದರು.

ವಿಶ್ವವಿದ್ಯಾಲಯದವರೆಲ್ಲ ಹೀಗೇ ಅಂತ ಹೇಳುತ್ತಿಲ್ಲ. ಮಗಳು ಎಂಬಿಎ ಪ್ರಾಜೆಕ್ಟ್‌ಗೆ ಅಂತ ಪ್ರಿಂಟ್ ತೆಗೆದು ತಂದಿದ್ದ ಕೆಲವು ಸಂಶೋಧನೆಗಳನ್ನು ಓದಿ ಹೇಳಿದ್ದಳು. ಅದರಲ್ಲಿ ಒಂದು, ಮುಂಬೈ ಹತ್ತಿರದ ತಾರಾಪುರ ಕಡೆಯ ಬಟ್ಟೆ ಕಾರ್ಖಾನೆಗಳಲ್ಲಿ 2008ರಿಂದ ನಡೆದದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ವಿಶ್ವಬ್ಯಾಂಕ್‌ನ ಅರ್ಥಶಾಸ್ತ್ರಜ್ಞರು ಕೆಲವು ಕಾರ್ಖಾನೆಗಳಿಗೆ ಬಿಟ್ಟಿಯಾಗಿ ಮ್ಯಾನೇಜ್‌ಮೆಂಟ್ ಸಲಹೆಗಾರರನ್ನು ಕಳಿಸಿಕೊಟ್ಟರು, ಕೆಲವಕ್ಕೆ ಅಷ್ಟಾಗಿ ಕೊಡಲಿಲ್ಲ, ಆಮೇಲೆ ಹೋಲಿಸಿ ನೋಡಿದರು. ಸಲಹೆ ಅಂದರೆ ಏನು? ನೂಲಿನ ಗೋದಾಮನ್ನು ಜೋಡಿಸಿಡಿ, ಡಿಫೆಕ್ಟ್‌ಗಳನ್ನು ದಿನಾ ಬರೆದಿಡಿ, ಮೆಷಿನ್ ಕೆಡುವ ಮೊದಲೇ ಸರ್ವಿಸ್ ಮಾಡಿಸಿ, ನೆಲ ಗುಡಿಸಿ. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ 17ರಷ್ಟು ಏರಿತು. ಅಲ್ಲಿ ತಿದ್ದಿದ್ದೆಲ್ಲ ಮಾಲೀಕರ, ಮ್ಯಾನೇಜರ್‌ಗಳ ಅಭ್ಯಾಸಗಳನ್ನು. ವರ್ಷಗಳ ನಂತರ ಅದೇ ತಂಡ ವಾಪಸ್ ಹೋಗಿ ನೋಡಿದರೆ ಕಲಿಸಿದ್ದರಲ್ಲಿ ಸುಮಾರು ಅರ್ಧ ಕೈಬಿಟ್ಟಿದ್ದರಂತೆ. ಮ್ಯಾನೇಜರ್ ಬದಲಾಗಿದ್ದು ಒಂದು ಕಾರಣ, ಮಾಲೀಕರಿಗೆ ಪುರುಸೊತ್ತಿಲ್ಲದ್ದು ಇನ್ನೊಂದು. ಆ ಕೈಬಿಟ್ಟವರ ತಲೆ ಮೇಲೆ ಕೆಂಪು ಚೌಕ ಬರೆಯುವ ಕ್ಯಾಮೆರಾ ಯಾವ ಕಾಲೇಜಿನವರೂ ಮಾಡಿದ ಹಾಗೆ ಕಾಣೆ.

ನಮ್ಮ ಬೆಂಗಳೂರಿನದೇ ಇನ್ನೆರಡು. ಕಾರ್ಖಾನೆಗಳಲ್ಲಿ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದರು, ಕರೆಂಟ್ ಬಿಲ್ ಉಳಿಸಲಿಕ್ಕೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನಿಶಾಧಂ ಎಂಬ ಅರ್ಥಶಾಸ್ತ್ರಜ್ಞರು ದಿನದಿನದ ಪ್ರೊಡಕ್ಷನ್ ಲೆಕ್ಕವನ್ನು ಹವಾಮಾನದ ಜೊತೆ ಇಟ್ಟು ನೋಡಿದರು. ಎಲ್‌ಇಡಿ ಕಮ್ಮಿ ಕಾವು ಕೊಡುವುದರಿಂದ ಬಿಸಿಲು ಜಾಸ್ತಿ ಇದ್ದ ದಿನಗಳಲ್ಲಿ ಹೊಲಿಗೆ ಮೊದಲಿನಷ್ಟು ಕುಸಿಯಲಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಬಲ್ಬಿಗೆ ಹಾಕಿದ ದುಡ್ಡು ವಾಪಸ್ ಬರುವ ಅವಧಿ ಮೂರನೇ ಒಂದರಷ್ಟಾಯಿತು. ತಗಡಿನ ಚಾವಣಿ ಕೆಳಗೆ ಏಪ್ರಿಲ್ ತಿಂಗಳಲ್ಲಿ ಕೂತು ಹೊಲಿದವರನ್ನು ಕೇಳಿದ್ದರೆ ಸೆಕೆಯ ಸಂಗತಿ ಎರಡು ನಿಮಿಷದಲ್ಲಿ ಹೇಳುತ್ತಿದ್ದೆವು. ಇರಲಿ. ನಾವು ಹೇಳಿದರೆ ದೂರು, ಅವರು ಬರೆದರೆ ಅಂಕಿ. ಅಂಕಿಗೆ ಬೆಲೆ ಇದೆ.

ಎರಡನೆಯದು ಇನ್ನೂ ಮುಖ್ಯ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಮಾತುಕತೆ, ಸಮಯ ಹೊಂದಿಸುವುದು, ಸಮಸ್ಯೆ ಬಿಡಿಸುವುದು ಇಂಥ ತರಬೇತಿ ಕೊಡುವ ‘ಪೇಸ್’ ಎಂಬ ಕಾರ್ಯಕ್ರಮ ಇತ್ತು. ಇದೇ ಸಂಶೋಧಕರು ಸೇರಲು ಬಯಸಿದವರಲ್ಲಿ ಲಾಟರಿ ಎತ್ತಿ ಕೆಲವರಿಗೆ ಕೊಟ್ಟು, ಉಳಿದವರ ಜೊತೆ ಹೋಲಿಸಿದರು. ತರಬೇತಿ ಪಡೆದವರ ಉತ್ಪಾದಕತೆ ಶೇ 13.5ರಷ್ಟು ಹೆಚ್ಚಾಯಿತು. ತರಬೇತಿ ಮುಗಿದು ಎಂಟು ತಿಂಗಳಾಗುವಷ್ಟರಲ್ಲಿ ಕಂಪನಿಗೆ ಹಾಕಿದ ದುಡ್ಡಿನ ಎರಡೂವರೆ ಪಟ್ಟು ನಿವ್ವಳ ಲಾಭ. ಆ ಹೆಣ್ಣುಮಕ್ಕಳ ಸಂಬಳ? ಶೇ 0.5.

ತಿಂಗಳಿಗೆ 10,000 ರೂಪಾಯಿ ಅಂದುಕೊಂಡರೆ 50 ರೂಪಾಯಿ. ಮಗಳು ಇದನ್ನು ಓದಿದಾಗ ನಾನು ‘ಸರಿಯಾಗಿ ನೋಡು, ಚುಕ್ಕೆ ಎಲ್ಲಿದೆ’ ಅಂದೆ. ಚುಕ್ಕೆ ಸರಿಯಾದ ಜಾಗದಲ್ಲೇ ಇತ್ತು. ಸಂಶೋಧಕರು ಇದನ್ನು ಮುಚ್ಚಿಟ್ಟಿಲ್ಲ. ಕೆಲಸದ ಬೆಲೆ ಏರಿದರೂ ಕೂಲಿ ಏರದೆ ನಡುವೆ ದೊಡ್ಡ ಅಂತರ ಉಳಿಯಿತು ಅಂತ ಅವರೇ ಬರೆದಿದ್ದಾರೆ. ಅದಕ್ಕೆ ಅವರ ಬಗ್ಗೆ ಗೌರವ ಇದೆ. ಅವರಲ್ಲಿ ಕೆಲವರು ಗಾರ್ಮೆಂಟ್ಸ್ ಉದ್ಯಮದವರ ಜೊತೆ ಸೇರಿ 2017ರಲ್ಲಿ ‘ಗುಡ್ ಬಿಸಿನೆಸ್ ಲ್ಯಾಬ್’ ಅಂತ ಲಾಭಕ್ಕಲ್ಲದ ಸಂಸ್ಥೆಯನ್ನೇ ಕಟ್ಟಿದ್ದಾರೆ. ಕಾರ್ಮಿಕರಿಗೆ ಒಳ್ಳೆಯದಾದರೆ ಕಂಪನಿಗೂ ಲಾಭ ಅಂತ ತೋರಿಸಿಕೊಡುವುದು ಅವರ ದಾರಿ. ನನಗೆ ಅಲ್ಲೊಂದು ಕೊರತೆ ಕಾಣುತ್ತದೆ. ಕಂಪನಿಗೆ ಲಾಭ ಇಲ್ಲದಿದ್ದರೂ ಕೊಡಲೇಬೇಕಾದ ಕೆಲವು ಇರುತ್ತವೆ. ಅವನ್ನು ಯಾವ ಲಾಟರಿಯಿಂದ ಸಾಧಿಸಿ ತೋರಿಸುವುದು?

ಅವರದೇ ಇನ್ನೊಂದು ಕೆಲಸ ಹೇಳಿ ಮುಂದೆ ಹೋಗುತ್ತೇನೆ. ಸಂಬಳ ಏರಿಕೆ ನಿರೀಕ್ಷೆಗಿಂತ ಕಮ್ಮಿ ಬಂದ ಸಮಯದಲ್ಲಿ, ಗಾರ್ಮೆಂಟ್ಸ್ ಕಂಪನಿಯೊಂದರ ಕೆಲವು ಕೆಲಸಗಾರರಿಗೆ ಕೆಲಸ, ಸಂಬಳ, ಸೂಪರ್‌ವೈಸರ್ ಬಗ್ಗೆ ಅನಿಸಿದ್ದು ಹೇಳಲು ಒಂದು ಸರ್ವೆ ಕೊಟ್ಟರು. ಹೇಳಲು ಅವಕಾಶ ಸಿಕ್ಕವರಲ್ಲಿ ಕೆಲಸ ಬಿಟ್ಟು ಹೋದವರು ಕಮ್ಮಿ. ಬರೀ ಕೇಳಿದ್ದಕ್ಕೆ! ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಬೆಂಗಳೂರು 2016ರ ಏಪ್ರಿಲ್‌ನಲ್ಲಿ ನೋಡಿದೆ. ಪಿಎಫ್ ಹಣ ತೆಗೆಯುವ ನಿಯಮ ಬದಲಾದಾಗ ಸಾವಿರಾರು ಹೆಣ್ಣುಮಕ್ಕಳು ಕಾರ್ಖಾನೆ ಬಿಟ್ಟು ಹೊಸೂರು ರಸ್ತೆ, ಮೈಸೂರು ರಸ್ತೆಗೆ ಇಳಿದರು. ಕೇಂದ್ರ ಸರ್ಕಾರ ಎರಡೇ ದಿನಕ್ಕೆ ನಿಯಮ ವಾಪಸ್ ತಗೊಂಡಿತು.

ಈಗ ಸರ್ಕಾರದ ಮುಂದೆ ಎರಡು ಮಾತು.

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂತು. ಊಟ ತಲುಪಿಸುವ, ಕ್ಯಾಬ್ ಓಡಿಸುವ ಹುಡುಗರಿಗೆ ಪ್ರತಿ ವಹಿವಾಟಿನಲ್ಲಿ ಅವರಿಗೆ ಸಿಗುವ ದುಡ್ಡಿನ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಂಪನಿಯಿಂದ ವಸೂಲಾಗುತ್ತದೆ. ನನಗೆ ಅದಕ್ಕಿಂತ ಹಿಡಿಸಿದ್ದು ಬೇರೆ. ಆ್ಯಪ್ ತಾನೇ ನಿಗಾ ಇಟ್ಟು ತಾನೇ ತೀರ್ಮಾನ ಮಾಡುತ್ತದಲ್ಲ, ಅದು ರೇಟಿಂಗನ್ನು, ದುಡಿಮೆಯನ್ನು ಹೇಗೆ ನಿರ್ಧರಿಸುತ್ತದೆ ಅಂತ ತಿಳಿಯುವ ಹಕ್ಕು ಕಾರ್ಮಿಕನಿಗೆ ಇದೆ ಎಂದು ಆ ಕಾಯ್ದೆ ಹೇಳುತ್ತದೆ. ಕೆಲಸದಿಂದ ತೆಗೆಯಬೇಕಾದರೆ ಕಾರಣ ಕೊಟ್ಟು 14 ದಿನ ಮುಂಚೆ ತಿಳಿಸಬೇಕು. ಒಳ್ಳೆಯ ಕಲಮು. ಬೈಕ್ ಮೇಲೆ ಹೋಗುವ ಮಗನಿಗೆ ಈ ಹಕ್ಕಿದೆ, ಕ್ಯಾಮೆರಾ ಕೆಳಗೆ ಕೂತು ಹೊಲಿಯುವ ತಾಯಿಗೆ ಯಾಕಿಲ್ಲ? 2023ರಲ್ಲಿ ಇದೇ ರಾಜ್ಯ ಕಾರ್ಖಾನೆ ಕಾಯ್ದೆ ತಿದ್ದಿ, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು, ಷರತ್ತಿನ ಮೇಲೆ ಹೆಂಗಸರನ್ನು ರಾತ್ರಿ ಪಾಳಿಗೂ ಕರೆಯಬಹುದು ಅಂತ ಮಾಡಿತು. ಗಂಟೆ ತಿದ್ದಲು ಆದದ್ದು ಲೆಕ್ಕ ತೋರಿಸುವ ಹಕ್ಕು ಸೇರಿಸಲು ಆಗದೇ?

ಇನ್ನೊಂದು, ಕಾಲೇಜುಗಳಿಗೆ ಕೊಡುವ ದುಡ್ಡಿನ ಬಗ್ಗೆ. ಬೆಂಗಳೂರಿನಾಚೆಯ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರೂ ಕಂಪನಿ ಕಟ್ಟಲಿ ಅಂತ ಸರ್ಕಾರ ಇನ್‌ಕ್ಯುಬೇಷನ್ ಸೆಂಟರ್‌ಗಳಿಗೆ (ಹೊಸ ಕಂಪನಿಗಳನ್ನು ಬೆಳೆಸುವ ಕೇಂದ್ರಗಳಿಗೆ), ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತದೆ. ಕೊಡಲಿ. ಜನರ ಕೆಲಸವನ್ನು ಅಳೆಯುವ ಯಾವ ಪ್ರಾಜೆಕ್ಟ್‌ಗಾದರೂ ಎರಡನೇ ಕಂತು ಬಿಡುವ ಮುಂಚೆ ಒಂದು ಷರತ್ತು ಇರಲಿ. ಆ ಕೆಲಸ ಮಾಡುವವರು ಅದನ್ನು ಬಳಸಿ ನೋಡಿ ಏನು ಹೇಳಿದರು ಅಂತ ವರದಿಯಲ್ಲಿ ಬರೆಯಬೇಕು. ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಳ್ಳಿ ಜನರಿಗೆ ಅಂತ ‘ಸಿಂಪ್ಯೂಟರ್’ ಮಾಡಿದ್ದರು, ಓದು ಬಾರದವರಿಗೆ ಕನ್ನಡದಲ್ಲೇ ಓದಿ ಹೇಳುವ ಸಣ್ಣ ಕಂಪ್ಯೂಟರು. ಅಂದುಕೊಂಡಷ್ಟು ಮಾರಾಟ ಆಗಲಿಲ್ಲ ಅನ್ನುವುದು ನಿಜ. ಆದರೂ ಯಾರ ಕೈಗೆ ಕೊಡಲು ಮಾಡುತ್ತಿದ್ದೇವೆ ಅಂತ ಮೊದಲ ದಿನವೇ ಅವರಿಗೆ ಗೊತ್ತಿತ್ತು.

ಪ್ರದರ್ಶನದ ಹುಡುಗರು ಆಮೇಲೆ ಮನೆಗೇ ಬಂದಿದ್ದರು. ಟೈಲರ್ ಪಕ್ಕದಲ್ಲಿ ಬಟನ್‌ಗಳ ಒಂದು ಪಟ್ಟಿ ಇಡುತ್ತೇವೆ, ನಿಂತಾಗ ಕಾರಣ ಒತ್ತಲಿ, ಯಾವ ಯಾವ ಕಾರಣ ಬೇಕು ಹೇಳಿ ಅಂದರು. ಫೀಡಿಂಗ್ ಇಲ್ಲ, ಮೆಷಿನ್ ರಿಪೇರಿ, ಸೂಜಿ, ಆಲ್ಟರ್, ಕರೆಂಟ್ ಅಂತ ಬರೆಸಿದೆ. ‘ಬಾತ್‌ರೂಮ್‌ಗೂ ಒಂದು ಇಡೋಣವಾ ಆಂಟಿ?’ ಅಂದ ಒಬ್ಬ. ಅದಕ್ಕೆ ಬಟನ್ ಬೇಡ ಕಣಪ್ಪ, ಅದನ್ನು ಎಣಿಸಲೇಬಾರದು ಅಂದೆ. ಶೀಟ್ ಮೊದಲು ಟೈಲರ್ ಮೊಬೈಲಿಗೆ ಕನ್ನಡದಲ್ಲಿ ಬರಬೇಕು, ಅವಳು ನೋಡಿ ತಪ್ಪಿದ್ದರೆ ತಪ್ಪು ಅಂತ ಹೇಳಿದ ಮೇಲೆ ಮ್ಯಾನೇಜರ್‌ಗೆ ಹೋಗಬೇಕು ಅಂತಲೂ ಹೇಳಿದೆ. ಅದೂ ಬರೆದುಕೊಂಡರು. ಗುಂಪಿನಲ್ಲಿದ್ದ ಹುಡುಗಿ ಮಾತ್ರ ಪೆನ್ನು ಕೆಳಗಿಟ್ಟು, ‘ಇದನ್ನೆಲ್ಲ ಹಾಕಿದರೆ ಯಾವ ಓನರ್ ದುಡ್ಡು ಕೊಟ್ಟು ತಗೋತಾರೆ ಆಂಟಿ?’ ಅಂದಳು.

ಬುದ್ಧಿವಂತೆ. ಅವಳ ಪ್ರಶ್ನೆ ಸರಿಯಾಗಿದೆ, ಅದಕ್ಕೇ ಈ ಪತ್ರ. ತಾನಾಗೇ ಯಾರೂ ಕೊಳ್ಳುವುದಿಲ್ಲ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳಿಗೆ ಶಿಶುವಿಹಾರ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳಿದ್ದಕ್ಕೇ ನಮ್ಮಲ್ಲಿ ತೊಟ್ಟಿಲು ಬಂದದ್ದು. ಮಾಲೀಕರು ಆಸೆಪಟ್ಟು ತಂದು ಕಟ್ಟಿದ್ದಲ್ಲ. ಕಾರ್ಮಿಕ ಇಲಾಖೆ ಮತ್ತು ಕಾರ್ಖಾನೆ ಇಲಾಖೆಯವರು ಗಿಗ್ ಕಾಯ್ದೆಯ ಆ ಕಲಮನ್ನು ಕಾರ್ಖಾನೆಗಳಿಗೂ ತರಲಿ. ಕ್ಯಾಮೆರಾ ಲೆಕ್ಕ ಇಟ್ಟಲ್ಲೆಲ್ಲ ಆ ಲೆಕ್ಕದ ಪ್ರತಿ ಟೈಲರ್‌ಗೆ ಕನ್ನಡದಲ್ಲಿ, ಉತ್ತರ ಭಾರತದಿಂದ ಬಂದ ಹುಡುಗಿಯರಿಗೆ ಅವರವರ ಭಾಷೆಯಲ್ಲಿ ಸಿಗಲಿ. ಬಟನ್ ಪಟ್ಟಿ ಮಾಡಿಕೊಡಲು ಹುಡುಗರು ತಯಾರಿದ್ದಾರೆ.

ಇಂತಿ,
ಮಾಜಿ ಲೈನ್ ಸೂಪರ್‌ವೈಸರ್
ಚನ್ನಪಟ್ಟಣ

(ಮಗಳಿಗೆ ಕೆಲಸ ಹುಡುಕುತ್ತಿದ್ದೇವೆ, ದಯವಿಟ್ಟು ನನ್ನ ಹೆಸರು ಹಾಕಬೇಡಿ.)